ಕರೆದೊಯ್ಯಲು ಯಾರೂ ಬಾರದ ಕೂಸು

೧೯೮೨ರ ನವೆಂಬರ್ ೨೨, ಸೋಮವಾರ. ಸಂಜೆ ಏಳು ಗಂಟೆ ಹತ್ತು ನಿಮಿಷಕ್ಕೆ ಹೆಂಗಸೊಬ್ಬಳು ಕೂಸನ್ನು ಸೊಂಟದ ಮೇಲಿಟ್ಟುಕೊಂಡು ಚನ್ನಗಿರಿ ಪೊಲೀಸ್ ಠಾಣೆಗೆ ಬಂದಳು. ತನ್ನ ಮನೆಯಲ್ಲಿ ಒಂದು ಮಗು ಹೆಚ್ಚಾಗಿದೆ ಎಂಬುದು ಅವಳ ದೂರು. ಮಗು ಕಾಣೆಯಾಗಿದೆ ಎಂಬ ದೂರುಗಳನ್ನು ಬರೆದು ಬರೆದು ಕೈ ಪಳಗಿದ್ದ ಹೆಡ್ ಕಾನ್‌ಸ್ಟೇಬಲ್ ರಂಗಣ್ಣನಿಗೆ ಇದನ್ನು ಹೇಗೆ ಬರೆಯಬೇಕೆಂದು ತಿಳಿಯಲಿಲ್ಲ. ಅವಳನ್ನು ಒಳಗೆ ಇನ್‌ಸ್ಪೆಕ್ಟರ್ ಪಂಚಾಕ್ಷರಪ್ಪನವರ ಮುಂದೆ ಕೂರಿಸಿದ.

ಬಂದವಳು ತಾಜ್‌ಬೀ. ವಯಸ್ಸು ನಲವತ್ತೆಂಟು, ವಿಧವೆ. ಅಡಿಕೆ ಸುಲಿಯುವ ಕಾಲ ಬಂತೆಂದರೆ ಊರಿನ ಬಡ ಹೆಂಗಸರೆಲ್ಲ ತೋಟದ ಫಸಲನ್ನು ಗುತ್ತಿಗೆ ಹಿಡಿದ ಖೇಣಿದಾರರ ಚಪ್ಪರಗಳಲ್ಲಿ ಸಾಲಾಗಿ ಕೂರುತ್ತಾರೆ. ಒಬ್ಬೊಬ್ಬರ ಮುಂದೂ ಅಲಗು ಮೇಲೆ ಮಾಡಿ ನಿಂತ ಮೆಟ್ಟುಗತ್ತಿ. ಅಂಬೆಗಾಲಿಡುವ ಮಕ್ಕಳನ್ನು ಅಲ್ಲಿಗೆ ಒಯ್ಯುವ ಹಾಗಿಲ್ಲ. ಹೀಗಾಗಿ ಹದಿನಾಲ್ಕು ಮಕ್ಕಳು ಬೆಳಗ್ಗೆ ಎಂಟರಿಂದ ಸಂಜೆ ಆರರವರೆಗೆ ತಾಜ್‌ಬೀಯ ಮನೆಯಲ್ಲಿ ಇರುತ್ತಿದ್ದವು. ಆ ಮನೆಗೆ ಬೋರ್ಡಿಲ್ಲ, ಲೈಸೆನ್ಸಿಲ್ಲ. ಬೂಬಮ್ಮನ ಮನೆ ಎಂದರೆ ಯಾರು ಬೇಕಾದರೂ ತೋರಿಸುತ್ತಿದ್ದರು.

"ಬಿಟ್ಟು ಹೋದವರು ಯಾರು?" ಇನ್‌ಸ್ಪೆಕ್ಟರ್ ಕೇಳಿದರು.

"ಸರ್ವಮಂಗಳಮ್ಮ ಅಂತ ಹೇಳಿದ್ರು ಸಾಬ್. ಉಬ್ರಾಣಿ ಕಡೆಯೋರಂತೆ. ಬೆನಕಪ್ಪನೋರ ಚಪ್ಪರಕ್ಕೆ ಇವತ್ತು ಸೇರೀನಿ, ಸಂಜಿಗೆ ಬರ್ತೀನಿ ಅಂದ್ರು."

"ಚಪ್ಪರದಲ್ಲಿ ವಿಚಾರಿಸಿದಿರಾ?"

"ವಿಚಾರಿಸೇ ಬಂದೀನಿ. ಆ ಹೆಸರಿನೋರು ಯಾರೂ ಇಲ್ಲಂತೆ."

"ನಾಳೆಯವರೆಗೆ ಕಾಯಬಹುದಿತ್ತಲ್ಲ?"

"ಕಾಯಬೋದಿತ್ತು. ನಾಳೆ ಯಾರಾದ್ರೂ ಬಂದು ಬೂಬಮ್ಮ ಕೂಸು ಕದ್ದಾಳೆ ಅಂದ್ರೆ, ನನ್ ಮಾತು ಯಾರು ಕೇಳ್ತಾರೆ ಸಾಬ್?"

ಏಳು ಐವತ್ತಕ್ಕೆ ಎಫ್.ಐ.ಆರ್. ಸಿದ್ಧವಾಯಿತು. ಅಪರಾಧ ಸಂಖ್ಯೆ ೧೧೪/೮೨, ಐ.ಪಿ.ಸಿ. ೩೧೭ನೇ ಕಲಂ, ಮಗುವನ್ನು ತ್ಯಜಿಸಿ ಹೋದದ್ದು. ಮಗುವಿನ ಜೊತೆ ಬಂದ ವಸ್ತುಗಳಿಗೆ ಪಂಚನಾಮೆ ಆಯಿತು. ಹೂವಿನ ಚಿತ್ರದ ಅಂಗಿ ಒಂದು, ಇನ್ನೂ ಒದ್ದೆಯಿದ್ದ ಕೆಂಪು ಕುಲಾವಿ ಒಂದು, ಹಾಲಿನ ಬಾಟಲಿ ಒಂದು. ಗಂಡುಮಗು, ಅಂದಾಜು ಎಂಟು ತಿಂಗಳು, ಮೂಗು ಕಟ್ಟಿ ನೆಗಡಿಯಾಗಿತ್ತು. ಪಂಚನಾಮೆ ಮುಗಿಯುವವರೆಗೆ ಮಗುವನ್ನು ಹಿಡಿದುಕೊಂಡಿದ್ದ ಕಾನ್‌ಸ್ಟೇಬಲ್ ಜಂಪಣ್ಣನ ಖಾಕಿ ಎರಡು ಸಲ ತೊಯ್ದು ಹೋಯಿತು.

ಬಾಟಲಿಯನ್ನು ಕೂಸು ಬಾಯಿಗೇ ಸೇರಿಸಲಿಲ್ಲ. ಮೊಲೆಹಾಲು ಕುಡಿದು ಬೆಳೆದದ್ದು. ರಬ್ಬರ್ ನಿಪ್ಪಲು ಕಂಡರೆ ಬೆನ್ನು ಬಿಲ್ಲಾಗಿಸಿ ಅಳುತ್ತಿತ್ತು. ತಾಜ್‌ಬೀ ಒಳಲೆಯಲ್ಲಿ ಹನಿ ಹನಿಯಾಗಿ ಹಾಕಿದರೆ ಮಾತ್ರ ಒಂದಿಷ್ಟು ಗುಟುಕರಿಸಿತು. ಅದನ್ನು ನೋಡಿ ಇನ್‌ಸ್ಪೆಕ್ಟರ್ ಮುಚ್ಚಳಿಕೆ ಬರೆಸಿಕೊಂಡು ಮಗುವನ್ನು ಅವಳ ಬಳಿಯೇ ಬಿಟ್ಟರು. ಮರುದಿನ ಮ್ಯಾಜಿಸ್ಟ್ರೇಟರೂ ಅದಕ್ಕೆ ಒಪ್ಪಿದರು.

ಮಂಗಳವಾರ, ಬುಧವಾರ ಎರಡು ದಿನ ಓಡಾಟದಲ್ಲೇ ಹೋದವು. ಜಂಪಣ್ಣ ಉಬ್ರಾಣಿಗೆ ಹೋಗಿ ಬಂದ, ರಂಗಣ್ಣ ಕೆರೆಬಿಳಚಿಗೆ ಹೋಗಿ ಬಂದ. ಎಳೆಗೂಸಿನ ತಾಯಂದಿರು ಎಲ್ಲ ಕಡೆ ಇದ್ದರು, ಎಲ್ಲರ ಕಂಕುಳಲ್ಲೂ ಅವರವರ ಕೂಸುಗಳಿದ್ದವು. ಇತ್ತ ಮಗು ದಿನದಿನಕ್ಕೆ ಸೊರಗುತ್ತಿತ್ತು. ಇನ್‌ಸ್ಪೆಕ್ಟರಿಗೆ ಕುರ್ಚಿಯಲ್ಲಿ ಕೂರಲಾಗುತ್ತಿರಲಿಲ್ಲ. ಗಂಟೆಗೊಂದು ಸಲ ಎದ್ದು ಬಾಗಿಲಿಗೆ ಬಂದು ರಸ್ತೆ ನೋಡುತ್ತಿದ್ದರು.

ನವೆಂಬರ್ ೨೫, ಗುರುವಾರ ಬೆಳಗ್ಗೆ ಹತ್ತೂವರೆಯ ಬಸ್ಸಿನಲ್ಲಿ ಹೊನ್ನಾಳಿಯಿಂದ 'ಬೇಹುಗಣ್ಣು' ವಾರಪತ್ರಿಕೆಯ ಕಟ್ಟು ಬಂದಿಳಿಯಿತು. ಮುಖಪುಟದ ತುಂಬ ಚನ್ನಗಿರಿಯೇ. 'ಒಂದು ಮೊರ ನುಚ್ಚಿಗೆ ಒಂದು ಕೂಸು! ಶಿಶುಗಳನ್ನು ಮಾರುವ ಮನೆಯೊಳಗೆ ನಮ್ಮ ವರದಿಗಾರರ ಗುಪ್ತ ಸಾಹಸ.' ಮನೆಯಲ್ಲಿ ಆಡುತ್ತಿದ್ದ ಮೂರು ವರ್ಷದ ಹುಡುಗನನ್ನು ತೋರಿಸಿ, 'ಇವನನ್ನು ಒಂದು ಮೊರ ನುಚ್ಚಿಗೆ ಕೊಂಡೆ' ಎಂದು ಮನೆಯೊಡತಿ ನಗುನಗುತ್ತ ಒಪ್ಪಿಕೊಂಡಳಂತೆ. ಕೆಳಗೊಂದು ಫೋಟೋ. ಕುಲಾವಿ ಹಾಕಿಕೊಂಡು ಚಾಪೆಯ ಮೇಲೆ ಮಲಗಿದ ಕೂಸು. 'ಗಿರಾಕಿಗಾಗಿ ಕಾದಿರುವ ಹಸುಳೆ.' ಅದೇ ಕೂಸನ್ನು ಅವಳೇ ಠಾಣೆಗೆ ತಂದೊಪ್ಪಿಸಿದಳೆಂಬ ಮಾತು ಆ ಮೂರು ಕಾಲಮ್ಮುಗಳಲ್ಲಿ ಎಲ್ಲಿಯೂ ಇರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ತಾಜ್‌ಬೀಯ ಮನೆಯ ಮುಂದೆ ಇನ್ನೂರು ಜನ. ಹೆಂಚಿನ ಮೇಲೆ ಕಲ್ಲು ಬಿದ್ದವು. ಚಪ್ಪರಗಳಿಂದ ಓಡಿ ಬಂದ ತಾಯಂದಿರು ಮಕ್ಕಳನ್ನು ಬಾಚಿಕೊಂಡು ಹೋದರು. ವರ್ಷಗಟ್ಟಲೆ ಅವಳ ಕೈತುತ್ತು ತಿಂದ ಮಕ್ಕಳು ಅವು. ಗುಂಪು ಚದುರಿಸಲು ಹೋದ ರಂಗಣ್ಣ ಅವಳನ್ನು ಸುರಕ್ಷಿತವಾಗಿ ಠಾಣೆಗೆ ಕಳಿಸಿಕೊಟ್ಟ. ಅಷ್ಟರಲ್ಲಿ ಮೇಲಿನಿಂದ ಎರಡು ಫೋನು ಬಂದಿದ್ದವು. ಎರಡರಲ್ಲೂ ಒಂದೇ ಪ್ರಶ್ನೆ: ಅವಳನ್ನು ಇನ್ನೂ ಯಾಕೆ ದಸ್ತಗಿರಿ ಮಾಡಿಲ್ಲ?

"ಮಗು ಕೊಂಡಿದ್ದೀನಿ ಅಂತ ಹೇಳಿದ್ದು ನಿಜವಾ?"

"ನಿಜ ಸಾಬ್. ಅವತ್ತು ಕೂಸು ಬಿಡಾಕೆ ಬಂದ ಹೆಣ್ಮಗಳು ಇವನ್ಯಾರು ಅಂತ ಕೇಳಿದ್ಲು. ಹೇಳ್ದೆ."

"ಯಾರಿಂದ ಕೊಂಡಿದ್ದು?"

"ಸಿದ್ದಲಿಂಗಮ್ಮನ ಕೈಯಿಂದ."

"ಕೂಸನ್ನು ಕೇಳಿಕೊಂಡು ಬೇರೆ ಯಾರಾದರೂ ಬಂದಿದ್ದರಾ?"

"ಮಂಗಳವಾರ ಒಬ್ಬ ಬಂದಿದ್ದ. ಮಕ್ಕಳಿಲ್ಲ, ಈ ಕೂಸು ಕೊಡ್ತೀಯಾ, ಏನು ಬೇಕು ಕೇಳು ಅಂದ. ಪರಕೆ ತಗಂಡೆ. ಓಡಿ ಹೋದ."

ಇನ್‌ಸ್ಪೆಕ್ಟರಿಗೆ ಕೊನೆಯ ಉತ್ತರ ಕಿವಿಗೆ ಹೋಗಲೇ ಇಲ್ಲ. 'ಕೊಂಡೆ' ಎಂಬಲ್ಲಿಗೇ ಅವರ ತಲೆ ಕೆಟ್ಟಿತ್ತು. ಅವರು ಬೆಂಗಳೂರಿನ ಪೊಲೀಸ್ ಕ್ವಾರ್ಟರ್ಸಿನಲ್ಲಿ ಹುಟ್ಟಿ ಬೆಳೆದವರು, ಈ ಸೀಮೆಗೆ ಬಂದು ನಾಲ್ಕೇ ತಿಂಗಳು. ಹೊರಗೆ ನಿಂತಿದ್ದ ಜಂಪಣ್ಣನನ್ನು ಒಂದು ಮಾತು ಕೇಳಿದ್ದರೂ ಅವನು ಹೇಳುತ್ತಿದ್ದ. ದೊಡ್ಡ ಸಾಹೇಬರು ಪೇದೆಯನ್ನು ಕೇಳುವುದುಂಟೇ! ಮಗುವನ್ನು ಸರ್ಕಾರಿ ಆಸ್ಪತ್ರೆಗೆ ಸೇರಿಸಿ, ತಾಜ್‌ಬೀಯನ್ನು ಮರುದಿನ ದಸ್ತಗಿರಿ ಮಾಡುವುದೆಂದು ನಿಶ್ಚಯಿಸಿದರು.

ಶುಕ್ರವಾರ ಬೆಳಗ್ಗೆ ಒಂಬತ್ತಕ್ಕೆ ಸಿದ್ದಲಿಂಗಮ್ಮ ತಾನಾಗಿಯೇ ಠಾಣೆಗೆ ನುಗ್ಗಿದಳು. ಕೈ ಹಿಡಿದು ಎಳೆತಂದ ಮೂರು ವರ್ಷದ ಮಗನ ಮೂಗಿನಲ್ಲಿ ಪುಟ್ಟ ಬೆಳ್ಳಿ ಮೂಗುಬೊಟ್ಟು ಇತ್ತು.

"ಮಾರಿದೋಳು ನಾನು. ಮೊದಲು ನನ್ನ ಹಿಡ್ಕಳ್ರಿ."

"ಕೂತ್ಕೊಂಡು ಮಾತಾಡಮ್ಮ."

"ಏನು ಕೂತ್ಕಳಾದು? ಇವನಿಗಿಂತ ಮುಂಚೆ ಮೂರು ಹೆತ್ತೆ ಸಾ. ಮೂರೂ ದಕ್ಕಲಿಲ್ಲ. ಇವನು ಹುಟ್ಟಿದ ಕೂಡ್ಲೆ ತಿಪ್ಪೆ ಮೇಲೆ ಮಲಗಿಸಿ ಬೂಬಮ್ಮಗೆ ಮಾರಿದ್ವಿ. ಆಯಮ್ಮ ಹೆತ್ತ ಐದೂ ಬದುಕಿದಾವೆ, ಅದ್ಕೆ ಆಯಮ್ಮಗೆ. ಒಂದು ಮೊರ ನುಚ್ಚು ಕೊಟ್ಟು ಕೊಂಡ್ಳು. ಮೂಗು ಚುಚ್ಚಿಸಿ, ನನ್ ಕೂಸು ನೀನು ಸಾಕು ಅಂತ ನನ್ ಉಡಿಗೇ ಹಾಕಿದ್ಲು. ಬ್ಯಾರೇರ ಕೂಸು ಅಂದ್ರೆ ಸಾವು ನಮ್ಮನಿ ಕಡೆ ನೋಡಲ್ಲ. ಇದು ಈ ಸೀಮೇಲಿ ಯಾರಿಗೆ ಗೊತ್ತಿಲ್ಲ ಹೇಳ್ರಿ? ಆ ಪೇಪರಿನೋನಿಗೆ ಗೊತ್ತಿಲ್ವಾ?"

ಇನ್‌ಸ್ಪೆಕ್ಟರ್ ರಂಗಣ್ಣನ ಮುಖ ನೋಡಿದರು. ರಂಗಣ್ಣ ಹೌದೆಂದು ತಲೆಯಾಡಿಸಿದ. "ನಮ್ಮ ದೊಡ್ಡಪ್ಪನ ಮಗನೂ ಹಿಂಗೆ ಮಾರಿದ್ದೇ ಸಾರ್. ಈಗ ಪೋಸ್ಟ್‌ಮ್ಯಾನ್ ಆಗವ್ನೆ."

ಪಂಚಾಕ್ಷರಪ್ಪನವರ ಕಿವಿ ಬಿಸಿಯಾಯಿತು. ಇನ್ನೊಂದು ಗಂಟೆ ಕಳೆದಿದ್ದರೆ ತಪ್ಪಿಲ್ಲದ ಹೆಂಗಸಿಗೆ ಬೇಡಿ ಹಾಕುತ್ತಿದ್ದರು. ಸಿದ್ದಲಿಂಗಮ್ಮ ಅಲ್ಲಿಗೇ ಬಿಡಲಿಲ್ಲ. ಆಸ್ಪತ್ರೆಯಲ್ಲಿರುವ ಕೂಸನ್ನು ನೋಡಲೇಬೇಕೆಂದು ಹಟ ಹಿಡಿದಳು. ಇನ್‌ಸ್ಪೆಕ್ಟರೂ ರಂಗಣ್ಣನೂ ಅವಳ ಜೊತೆ ಹೋದರು. ನರ್ಸಮ್ಮ ರಾತ್ರಿಯೆಲ್ಲ ಪ್ರಯತ್ನಿಸಿದರೂ ಕೂಸು ನಾಲ್ಕು ಚಮಚಕ್ಕಿಂತ ಹೆಚ್ಚು ಕುಡಿದಿರಲಿಲ್ಲ. ಅಳುವುದಕ್ಕೂ ತ್ರಾಣ ಉಳಿದಿರಲಿಲ್ಲ. ಸಿದ್ದಲಿಂಗಮ್ಮ ಸೆರಗಿನ ತುದಿ ಒದ್ದೆ ಮಾಡಿಕೊಂಡು ಅದರ ಮೂಗಿನ ಒಣಗಿದ ಸಿಂಬಳ ಒರೆಸಿದಳು. ಒರೆಸುತ್ತಿದ್ದವಳು ಕೈ ನಿಲ್ಲಿಸಿ, ಬಗ್ಗಿ ನೋಡಿದಳು.

"ಇಲ್ನೋಡ್ರಿ. ಇದರದ್ದೂ ಮೂಗು ಚುಚ್ಚೈತೆ. ಯಾರೋ ಬೊಟ್ಟು ಬಿಚ್ಚಿಕೊಂಡವ್ರೆ."

"ಅಂದರೆ?"

"ಅಂದ್ರೆ ಇದೂ ಮಾರಿದ ಕೂಸು ಸಾ. ಇದಕ್ಕಿಂತ ಮುಂಚೆ ಎಷ್ಟು ಹೋದ್ವೋ. ಇಂಥ ಕೂಸ್ನ ತಾಯಿ ಕಣ್ಣ ಮುಂದಿನಿಂದ ಸರಿಯಾಕೂ ಬಿಡಲ್ಲ. ಬಿಟ್ಟು ಹೋದೋಳು ತಾಯಿ ಅಲ್ಲ. ತಾಯಿ ಎಲ್ಲೋ ಅವ್ಳೆ, ಅವಳಿಗಿದು ಗೊತ್ತಿಲ್ಲ."

ನಾಲ್ಕು ದಿನ ಪೊಲೀಸರಿಗೆ ಹೊಳೆಯದ್ದು ಅಡಿಕೆ ಸುಲಿಯುವ ಹೆಂಗಸಿಗೆ ಒಂದು ನಿಮಿಷದಲ್ಲಿ ಹೊಳೆಯಿತು. ಇನ್‌ಸ್ಪೆಕ್ಟರ್ ಠಾಣೆಗೆ ಮರಳಿ ಪತ್ರಿಕೆಯನ್ನೂ ಪಂಚನಾಮೆಯನ್ನೂ ಪಕ್ಕಪಕ್ಕ ಇಟ್ಟುಕೊಂಡು, ಹಿಂದಿನ ದಿನದಿಂದ ಅಲ್ಲೇ ಕೂತಿದ್ದ ತಾಜ್‌ಬೀಯನ್ನು ಕರೆದರು. ಈ ಸಲ "ಕೂತ್ಕೊಳ್ಳಿ" ಎಂದರು.

"ಸೋಮವಾರ ಠಾಣೆಗೆ ತಂದಾಗ ಕುಲಾವಿ ಯಾಕೆ ಒದ್ದೆಯಿತ್ತು?"

"ಕೂಸು ವಾಂತಿ ಮಾಡ್ಕಂತು ಸಾಬ್. ಬಿಟ್ಟು ಹೋದ ಅರ್ಧ ಗಂಟೇಲೆ ಕುಲಾವಿ ತಗ್ದು ಒಗ್ದೆ. ದಪ್ಪ ಬಟ್ಟೆ, ಒಣಗಲಿಲ್ಲ."

"ಆಮೇಲೆ ಮತ್ತೆ ಹಾಕಿದಿರಾ?"

"ಇಲ್ಲ. ಅದು ನಿಮ್ಮತ್ರನೇ ಐತಲ್ಲ."

ಫೋಟೋದಲ್ಲಿ ಕೂಸಿನ ತಲೆಯ ಮೇಲೆ ಕುಲಾವಿ ಇತ್ತು. ಎಂದರೆ ಫೋಟೋ ತೆಗೆದದ್ದು ಸೋಮವಾರ ಬೆಳಗ್ಗೆ ಎಂಟರಿಂದ ಎಂಟೂವರೆಯೊಳಗೆ, ಕಿಟಕಿಯಿಂದ. ಕೂಸು ಅನಾಥವಾಗುತ್ತದೆಂದು ಆಗ ಊರಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗೊತ್ತಿದ್ದವನು ಒಬ್ಬನೇ, ಕ್ಯಾಮೆರಾ ಹಿಡಿದವನು.

ಮಧ್ಯಾಹ್ನ ಎರಡೂಕಾಲಕ್ಕೆ ಜೀಪು ಹೊನ್ನಾಳಿ ಮುಟ್ಟಿತು. ಬೇಹುಗಣ್ಣು ಪತ್ರಿಕೆಯ ಕಚೇರಿ ಮಹಡಿಯ ಮೇಲಿನ ಒಂದೇ ಕೋಣೆ. ಸಂಪಾದಕ, ವರದಿಗಾರ, ಪ್ರೂಫ್ ತಿದ್ದುವವನು ಎಲ್ಲವೂ ತಿಪ್ಪೇಶಪ್ಪನೇ. ಮೂವತ್ತೆಂಟು ವಯಸ್ಸಿನ ಸಣಕಲು ಮನುಷ್ಯ, ಮಾತಾಡುವಾಗ ಎದುರಿಗಿದ್ದವರ ಮುಖ ನೋಡುತ್ತಿರಲಿಲ್ಲ.

"ಈ ಫೋಟೋ ತೆಗೆದವರು ಯಾರು?"

"ಮೂಲ ಹೇಳಾಕೆ ಬರಲ್ಲ ಸಾರ್. ಪತ್ರಿಕಾಧರ್ಮ."

"ಕೂಸು ಯಾರದು?"

"ಅದನ್ನ ಪತ್ತೆ ಹಚ್ಚೋದು ನಿಮ್ಮ ಕೆಲಸ."

"ಸೋಮವಾರ ಸಂಜೆ ಆ ಹೆಂಗಸೇ ಕೂಸನ್ನ ಠಾಣೆಗೆ ತಂದಳು. ಅದನ್ನು ಯಾಕೆ ಬರೆಯಲಿಲ್ಲ?"

"ಜಾಗ ಇರಲಿಲ್ಲ."

ಪಂಚಾಕ್ಷರಪ್ಪನವರಿಗೆ ಕೆನ್ನೆಗೆ ಬಿಡುವಷ್ಟು ಸಿಟ್ಟು ಬಂತು. ಸುಮ್ಮನೆ ಮೆಟ್ಟಿಲಿಳಿದರು. ಊರಿನಲ್ಲಿ ಫಿಲ್ಮು ತೊಳೆಯುವ ಸ್ಟುಡಿಯೋ ಇದ್ದದ್ದು ಒಂದೇ. ಅದರ ಮಾಲೀಕ ಜಹಾಂಗೀರ್ ಪೊಲೀಸರನ್ನು ಕಂಡೊಡನೆ, ಸೋಮವಾರ ಸಂಜೆ ತಿಪ್ಪೇಶಪ್ಪ ತಂದುಕೊಟ್ಟಿದ್ದ ಹನ್ನೆರಡು ಫೋಟೋದ ರೋಲಿನ ನೆಗೆಟಿವ್ ತೆಗೆದು ಬೆಳಕಿಗೆ ಹಿಡಿದ. ಪಂಚರ ಮುಂದೆ ಒಂದೊಂದಾಗಿ ನೋಡಿದರು. ಏಳನೆಯದು ಪತ್ರಿಕೆಯಲ್ಲಿ ಬಂದ ಫೋಟೋ. ಐದನೆಯದರಲ್ಲಿ ಬಸ್‌ಸ್ಟ್ಯಾಂಡಿನಲ್ಲಿ ಒಬ್ಬ ಹೆಂಗಸು ಅದೇ ಕೂಸನ್ನೆತ್ತಿಕೊಂಡು ನಿಂತಿದ್ದಳು. ಎರಡನೆಯದರಲ್ಲಿ ಹೊಲಿಗೆ ಮಿಷನ್ನಿನ ಮುಂದೆ ಕೂತ ಬೇರೊಬ್ಬ ಹೆಂಗಸು, ಅವಳ ತೊಡೆಯ ಮೇಲೆ ನಗುತ್ತಿರುವ ಅದೇ ಕೂಸು.

"ಈ ಐದನೇದು ನಾಟಕ ಕಂಪನಿ ಕೊಲ್ಲಾಪುರಮ್ಮ ಸಾಬ್," ಜಹಾಂಗೀರ್ ಹೇಳಿದ. "ಇಲ್ಲೇ ಡೇರೆ ಹಾಕಿದ್ರು. ಈ ವಾರ ಊರಿಗೆ ಹೋದ್ಲು, ಜಗಳೂರಿಗೆ."

"ಎರಡನೆಯದು?"

"ಇವ್ರು ತಿಪ್ಪೇಶಪ್ಪನೋರ ತಂಗಿ ಕಸ್ತೂರಮ್ಮ. ನ್ಯಾಮತೀಲಿ ಹೊಲಿಗೆ ಹೊಲೀತಾರೆ."

ಐದೂವರೆಗೆ ನ್ಯಾಮತಿ. ಕಸ್ತೂರಮ್ಮ ಮಿಷನ್ ಮುಂದೆ ಕೂತಿದ್ದಳು; ರವಿಕೆಯ ಎದೆ ಹಾಲಿನಿಂದ ಒದ್ದೆಯಾಗಿತ್ತು. ಪೊಲೀಸರನ್ನು ಕಂಡು ಎದ್ದು ನಿಂತಳು.

"ನಿಮ್ಮ ಮಗು ಎಲ್ಲಿದೆಯಮ್ಮ?"

"ಅಣ್ಣನ ಮನೇಲಿ. ನೆಗಡಿಗೆ ದಾವಣಗೆರೆ ಡಾಕ್ಟ್ರಿಗೆ ತೋರಿಸ್ತೀನಿ, ಒಂದಿನ ನಿಮ್ಮ ಅತ್ತಿಗೆ ನೋಡ್ಕಂತಾಳೆ ಅಂತ ಸೋಮವಾರ ನಸುಕಿಗೇ ಮೊದಲ ಬಸ್ಸಿಗೆ ಕರ್ಕೊಂಡು ಹೋದ. ಆಮೇಲೆ ವಾರ ಇರಬೇಕಂತೆ ಅಂತ ಹೇಳಿ ಕಳ್ಸಿದ. ನಾಳೆ ನಾನೇ ಹೊರಟಿದ್ದೆ. ಹಾಲು ಹಿಂಡಿ ಹಿಂಡಿ ಚೆಲ್ತಿದೀನಿ ಸಾ... ಯಾಕೆ? ನನ್ ಕೂಸಿಗೆ ಏನಾತು?"

ಇನ್‌ಸ್ಪೆಕ್ಟರ್ ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಕಸ್ತೂರಮ್ಮ ಅಳಲಿಲ್ಲ. ಚಪ್ಪಲಿಯನ್ನೂ ಮೆಟ್ಟದೆ ಬಂದು ಜೀಪಿನಲ್ಲಿ ಕೂತಳು. ದಾರಿಯಲ್ಲಿ ಒಂದೊಂದೇ ಹೇಳಿದಳು. ಮೊದಲ ಎರಡು ಮಕ್ಕಳು ಉಳಿದಿರಲಿಲ್ಲ. ಇದನ್ನು ಮಾರುವಾಗ, ಮಕ್ಕಳೊಂದಿಗರಿಗೆ ಮಾರಬೇಕೆಂದು ಹಿರಿಯರು ಹೇಳಿದರೂ ಕೇಳದೆ ಅಣ್ಣ ತಾನೇ ನುಚ್ಚು ಕೊಟ್ಟು ಕೊಂಡಿದ್ದ. "ಅವನಿಗಿದ್ದ ಒಬ್ಬ ಮಗ ಹಿಂಗೇ ಯಾರದ್ದೋ ಮನೇಲಿ ಬಿಟ್ಟಾಗ ಹೋದ ಸಾ. ಬಿಸಿನೀರಿನ ಹಂಡೆಗೆ ಬಿದ್ದು. ಆಸೆಪಟ್ಟು ಕೇಳ್ದ, ಹೆಂಗೆ ಇಲ್ಲ ಅನ್ನಲಿ?"

ಏಳು ಗಂಟೆ ಇಪ್ಪತ್ತು ನಿಮಿಷಕ್ಕೆ ಚನ್ನಗಿರಿ ಆಸ್ಪತ್ರೆಯಲ್ಲಿ ಕೂಸು ತಾಯಿಯ ದನಿ ಕೇಳಿ ಕತ್ತು ತಿರುಗಿಸಿತು. ಅರ್ಧ ಗಂಟೆ ಬಿಡದೆ ಹಾಲು ಕುಡಿಯಿತು. ಹೊರಗಿನ ಬೆಂಚಿನ ಮೇಲೆ ಕೂತಿದ್ದ ತಾಜ್‌ಬೀ ಐದು ದಿನಗಳಲ್ಲಿ ಮೊದಲ ಸಲ ಅತ್ತಳು.

ಶನಿವಾರ, ೨೭ನೇ ತಾರೀಖು. ರಂಗಣ್ಣ ಬೆಳಗಿನ ಮೊದಲ ಬಸ್ಸಿಗೆ ಹೋಗಿ ಜಗಳೂರಿನಲ್ಲಿ ಕೊಲ್ಲಾಪುರಮ್ಮನ ಹೇಳಿಕೆ ಪಡೆದ.

"ಸಂಜೆ ಹೋಗಿ ಕರ್ಕೊಂಡು ಬರಬೇಕು ಅಂತ ಮಾತಾಗಿತ್ತು ಸಾರ್. ಆಮೇಲೆ ಬ್ಯಾಡ, ಮೂರು ದಿನ ಬಿಡು, ಆಯಮ್ಮ ಏನು ಮಾಡ್ತಾಳೋ ನೋಡಾಣ ಅಂದ್ರು ತಿಪ್ಪೇಶಪ್ಪನೋರು. ಸ್ಟೇಜಿನ ಮೇಲೆ ಕೂಸು ಬಿಟ್ಟು ಹೋಗೋ ಪಾರ್ಟು ಬೇಕಾದಷ್ಟು ಮಾಡೀನಿ. ಅಲ್ಲಿ ಬಟ್ಟೆ ಸುತ್ತಿದ ಇಟ್ಟಿಗೆ ಇರ್ತಿತ್ತು. ಇದು ಬೆರಳು ಹಿಡ್ಕಂತು. ಬಿಡಿಸ್ಕೊಂಡು ಬಂದೆ."

"ಮೂಗಿನ ಬೊಟ್ಟು?"

"ಅವ್ರೇ ಬಿಚ್ಚಿದ್ರು. ಗುರುತು ಸಿಗ್ತೈತಿ ಅಂತ."

ಅಂದು ಸಂಜೆ ನಾಲ್ಕು ಇಪ್ಪತ್ತಕ್ಕೆ ತಿಪ್ಪೇಶಪ್ಪನನ್ನು ಹೊನ್ನಾಳಿಯ ಕಚೇರಿಯಲ್ಲಿ ದಸ್ತಗಿರಿ ಮಾಡಲಾಯಿತು. ಮೇಜಿನ ಖಾನೆಯಲ್ಲಿ ಬೆಳ್ಳಿಯ ಮೂಗುಬೊಟ್ಟು ಸಿಕ್ಕಿತು. ಒಂದು ನೋಟ್‌ಬುಕ್ಕೂ ಸಿಕ್ಕಿತು. ಠಾಣೆಯಲ್ಲಿ ತಾಜ್‌ಬೀ ಅವನನ್ನು ನೋಡಿ, ಮಂಗಳವಾರ ಬಂದವನು ಇವನೇ ಎಂದು ಗುರುತಿಸಿದಳು. ಅವನು ಮೊದಮೊದಲು ಗಟ್ಟಿಯಾಗಿಯೇ ವಾದಿಸಿದ.

"ಆ ಕೂಸು ನಾನು ಕೊಂಡಿದ್ದು. ನನ್ನ ಕೂಸನ್ನ ಎಲ್ಲಿ ಬೇಕಾದ್ರೂ ಬಿಡ್ತೀನಿ."

"ಹಾಗಾದರೆ ತಾಜ್‌ಬೀ ಕೊಂಡಿದ್ದು ಏನು?"



ಮುಂದೆ ದೋಷಾರೋಪ ಪಟ್ಟಿಯಲ್ಲಿ ೩೧೭ನೇ ಕಲಂ ಒಂದೇ ಉಳಿಯಿತು. ಹೆಂಗಸೊಬ್ಬಳ ಮಾನ ಮೂರು ಕಾಲಮ್ಮಿನಲ್ಲಿ ಹರಾಜಾದದ್ದಕ್ಕೆ ಪೊಲೀಸರು ಕೈಹಾಕುವಂತಿರಲಿಲ್ಲ. ಬೇಕಿದ್ದರೆ ಅವಳೇ ಕೋರ್ಟಿಗೆ ಹೋಗಬೇಕು ಎಂದು ಕಾನೂನು. ಅವಳು ಹೋಗಲಿಲ್ಲ. ಡಿಸೆಂಬರ್ ಮೊದಲ ವಾರದಲ್ಲಿ ಹದಿನಾಲ್ಕರಲ್ಲಿ ಒಂಬತ್ತು ಮಕ್ಕಳು ಮರಳಿದವು. ಉಳಿದ ಐದು ಮನೆಗಳವರು ದಾರಿಯಲ್ಲಿ ಸಿಕ್ಕರೆ ತಲೆ ತಗ್ಗಿಸಿ ಹೋಗುತ್ತಿದ್ದರು, ಮಕ್ಕಳನ್ನು ಮಾತ್ರ ಕಳಿಸಲಿಲ್ಲ. ಓದಿದ್ದು ಸುಳ್ಳೆಂದು ಗೊತ್ತಾದ ಮೇಲೂ ಅದರ ಭಯ ಹೋಗುವುದಿಲ್ಲ.

ದಸ್ತಗಿರಿಯಾದ ಸಂಜೆ ನಡೆದದ್ದು ಇಷ್ಟು. ಇನ್‌ಸ್ಪೆಕ್ಟರ್ ಆ ನೋಟ್‌ಬುಕ್ಕನ್ನು ಮೊದಲಿನಿಂದ ಓದಿದರು. ಎದುರುಮನೆಯ ಜಗುಲಿಯಲ್ಲಿ ಕೊಡೆ ರಿಪೇರಿಯವನ ವೇಷದಲ್ಲಿ, ಮುಖ ಕಾಣದಂತೆ ತಲೆಗೆ ಬಟ್ಟೆ ಸುತ್ತಿಕೊಂಡು ಕೂತು ತಿಪ್ಪೇಶಪ್ಪ ಇಪ್ಪತ್ತೊಂದು ದಿನ ತಾಜ್‌ಬೀಯ ಮನೆಯನ್ನು ಕಾದಿದ್ದ. ಗಂಟೆಗಂಟೆಗೂ ಬರೆದಿದ್ದ. ೯-೧೦, ಗಂಜಿ. ೧೦-೪೦, ಕೆಂಪಂಗಿಯ ಮಗು ಬಿತ್ತು, ತಕ್ಷಣ ಎತ್ತಿಕೊಂಡಳು. ೧೨-೦೦, ಒಲೆ ಆರಿಸಿದಳು, ಬೂದಿಯ ಮೇಲೆ ನೀರು ಹಾಕಿದಳು. ೨-೩೦, ಎಲ್ಲ ಮಲಗಿವೆ, ಇವಳು ಮಲಗಿಲ್ಲ. ಇಪ್ಪತ್ತೊಂದು ದಿನಗಳಲ್ಲಿ ಅವಳದು ಒಂದು ತಪ್ಪೂ ಇರಲಿಲ್ಲ.

"ಇದನ್ನೇ ಅಚ್ಚು ಹಾಕಬಹುದಿತ್ತಲ್ಲ," ಎಂದರು.

ತಿಪ್ಪೇಶಪ್ಪ ಹೇಳಿದ: "ಇಂಥ ಮನೆಗಳು ಒಳ್ಳೇವು ಅಂತ ನಾನೇ ಬರೆದ್ರೆ, ನನ್ ಮಗ ಯಾರಿಂದ ಸತ್ತ ಅಂತಾಗುತ್ತೆ ಸಾರ್?"

"ಯಾವಾಗ ಅದು?"

"ಎಪ್ಪತ್ತೊಂಬತ್ತರಲ್ಲಿ. ದಾವಣಗೆರೇಲಿ ಇದ್ವಿ. ನಮ್ಮನೆಯಾಕೆ ತವರಿಗೆ ಹೋಗಿದ್ಲು. ಐದು ಗಂಟೆಗೆ ಹೋಗಿ ಮಗನ್ನ ಕರ್ಕೊಂಡು ಬರಬೇಕಾಗಿದ್ದು ನಾನು. ಆರಕ್ಕೆ ನೀರೊಲೆ ಹಚ್ತೀನಿ, ಅಷ್ಟರೊಳಗೆ ಬಂದುಬಿಡ್ರಿ ಅಂತ ಕೂಸು ನೋಡ್ಕಳೋ ಆಯಮ್ಮ ಮೊದಲೇ ಹೇಳಿದ್ರು. ಅವತ್ತು ಒಂದು ಸನ್ಮಾನ ಸಭೆ ಇತ್ತು. ಭಾಷಣ ಮುಗೀಲಿಲ್ಲ. ವರದಿ ಬರ್ಕೊಂಡು ನಾನು ಹೋದಾಗ ಎಂಟು."

"ನೀವು ಬರದಿದ್ದರೆ ಆಕೆ ಹೇಳಿ ಕಳಿಸಬಹುದಿತ್ತಲ್ಲ?"

"ಹೇಳಿ ಕಳಿಸಲಿಲ್ಲ ಸಾರ್. ಕೂಸನ್ನ ಎತ್ಕೊಂಡು ಆಯಮ್ಮನೇ ನಮ್ಮನೆ ತನಕ ಬಂದಿದ್ರು. ಬೀಗ ಹಾಕಿತ್ತು. ಅರ್ಧ ಗಂಟೆ ಬಾಗಿಲಲ್ಲಿ ನಿಂತು ವಾಪಸ್ ಹೋದ್ರು."

ಬರೆದುಕೊಳ್ಳುತ್ತಿದ್ದ ರಂಗಣ್ಣ ಪೆನ್ನು ನಿಲ್ಲಿಸಿ ಇನ್‌ಸ್ಪೆಕ್ಟರ್ ಕಡೆ ನೋಡಿದ.

"ಅದನ್ನೂ ಬರ್ಕೋ," ಎಂದರು ಪಂಚಾಕ್ಷರಪ್ಪ.

ರಂಗಣ್ಣ ಬರೆದು, ಗಟ್ಟಿಯಾಗಿ ಓದಿ ಹೇಳಿದ. ಕೇಳಿಕೊಂಡ ತಿಪ್ಪೇಶಪ್ಪ ಸರಿಯಾಗಿದೆ ಎಂದು ಒಪ್ಪಿದ.